ಗುಂಡಿಯ ಮೇಲಿನ ಹಲಗೆಗಳು

ಟ್ರ್ಯಾಕ್ಟರ್ ರಿಪೇರಿಯ ಆ ಶೆಡ್ಡಿನ ನಟ್ಟನಡುವೆ ನೆಲದಲ್ಲೊಂದು ಗುಂಡಿ ಇತ್ತು. ಆಳೊಬ್ಬ ಇಳಿದು ನಿಂತರೆ ತಲೆ ಮಾತ್ರ ಹೊರಗೆ ಕಾಣುವಷ್ಟು ಆಳ. ಗಾಡಿಯ ಹೊಟ್ಟೆಯ ಕೆಳಗೆ ನಿಂತು ನಟ್ಟು ಬಿಚ್ಚುವುದಕ್ಕೆಂದು ಅಪ್ಪ ತನ್ನ ಕಾಲದಲ್ಲಿ ತೋಡಿಸಿದ್ದು. ಕೆಲಸವಿಲ್ಲದ ಹೊತ್ತಿನಲ್ಲಿ ಯಾರಾದರೂ ಕಾಲು ಜಾರಿ ಬಿದ್ದಾರೆಂದು ಅದರ ಮೇಲೆ ದಪ್ಪ ಹಲಗೆಗಳನ್ನು ಅಡ್ಡಡ್ಡಲಾಗಿ ಹಾಸಿರುತ್ತಿದ್ದರು. ಡೀಸೆಲ್ಲು, ಗ್ರೀಸು, ಚಕ್ರದ ಕೆಸರು ಎಲ್ಲವನ್ನೂ ಕುಡಿದು ಕುಡಿದು ಆ ಹಲಗೆಗಳು ಕಲ್ಲಿನಂತೆ ಕರ್ರಗಾಗಿದ್ದವು.

ಅಪ್ಪ ಹೋದಮೇಲೆ ಶೆಡ್ಡು ಮಗನ ಕೈಗೆ ಬಂತು. ಸುತ್ತಲಿನ ಹೊಲದವರೆಲ್ಲ ಅವನನ್ನು ಮೆಕ್ಯಾನಿಕ್ ಎಂದೇ ಕರೆಯುತ್ತಿದ್ದರು. ತನ್ನ ಹೆಸರು ಬೇಕಾಗುವುದು ಓಟು ಹಾಕುವ ದಿನ ಮಾತ್ರ ಎಂದು ಅವನೇ ನಗುತ್ತಿದ್ದ. ಅಪ್ಪ ಅವನಿಗೆ ಬಿಟ್ಟುಹೋದದ್ದು ಶೆಡ್ಡೊಂದನ್ನೇ ಅಲ್ಲ, ಕಿವಿಯನ್ನೂ ಕೂಡ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕೇಳಬೇಕು. ಯಾವ ಬೇರಿಂಗು ಒಣಗಿದೆ, ಯಾವ ಹಲ್ಲು ಸವೆದಿದೆ ಎಂದು ಒಳಗಿನಿಂದಲೇ ಗೊತ್ತಾಗುತ್ತದೆ. ಹಾಗೆ ಕೇಳಿ ಕೇಳಿ ಕೊನೆಕೊನೆಗೆ ಅವನಿಗೆ ಸ್ಕ್ರೂಡ್ರೈವರೂ ಬೇಡವಾಗಿತ್ತು. ದಾರಿಯಲ್ಲಿ ಹೋಗುವ ಗಾಡಿಯನ್ನು ತಡೆದು ನಿಲ್ಲಿಸಿ, “ಮುಂದಿನ ಎಡಗಡೆ ಚಕ್ರ ನೋಡಿಸ್ಕೊಳ್ಳಿ, ಅಳ್ತಾ ಇದೆ” ಎಂದು ಹೇಳಿ ಕಳಿಸುತ್ತಿದ್ದ. ಕೇಳಿಸಿದ ಮೇಲೆ ಹೇಳದೆ ಇರುವುದು ಅವನಿಂದ ಆಗುತ್ತಿರಲಿಲ್ಲ. ನಾಲಿಗೆ ತುರಿಸುತ್ತಿತ್ತು.

ಡ್ರಮ್ಮು ಬಂದದ್ದು ಮುಚ್ಚಿಹೋದ ಕಾರ್ಖಾನೆಯೊಂದರ ಕೆಲಸಗಾರರ ಕ್ಲಬ್ಬಿನಿಂದ. ಗುಜರಿಗೆ ಹೋಗುತ್ತಿದ್ದುದನ್ನು ಎಳೆದುಕೊಂಡು ಬಂದು, ಹರಿದ ತೊಗಲು ಬದಲಿಸಿ, ತುಕ್ಕು ಉಜ್ಜಿ ನಿಲ್ಲಿಸಿದ. ಇಡುವುದೆಲ್ಲಿ? ಒಂದು ಗೋಡೆಗೆ ನೇಗಿಲು, ಇನ್ನೊಂದಕ್ಕೆ ಟೈರುಗಳ ರಾಶಿ, ಮೂಲೆಯಲ್ಲಿ ಯಾರದೋ ಅರ್ಧ ಬಿಚ್ಚಿದ ಗೇರ್‌ಬಾಕ್ಸು. ಖಾಲಿ ಇದ್ದದ್ದು ಗುಂಡಿಯ ಮೇಲಿನ ಹಲಗೆಗಳಷ್ಟೇ. ಅಲ್ಲೇ ಜೋಡಿಸಿ, ಕೂತು, ಕಾಲಿನ ದೊಡ್ಡ ಡ್ರಮ್ಮನ್ನು ಒಮ್ಮೆ ಒದ್ದ. ಕೆಳಗಿನ ಗುಂಡಿ ‘ಘುಂ’ ಎಂದು ಉತ್ತರ ಕೊಟ್ಟಿತು. ಮೇಲಿನ ತಗಡಿನ ಮಾಡು ಗಡಗಡ ನಡುಗಿತು.

ಟ್ರ್ಯಾಕ್ಟರಿನ ಸೀಟಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಲೋ, ಭೂಮಿ ತೇಗಿತು ಕಣೋ! ಇನ್ನೊಂದ್ಸಲ ಒದಿ.”

ಇನ್ನೊಂದು ಸಲ ಒದ್ದ. ಅವಳು ಅದರ ಮೇಲೆ ಬಾಯಿಗೆ ಬಂದ ಒಂದು ಸಾಲನ್ನು ಎತ್ತಿ ಹಾಡಿದಳು. ಅಷ್ಟೇ. ತಂಡ ಹುಟ್ಟಿದ್ದು ಹಾಗೆ.

ಅಕ್ಕನಿಗೆ ಬೆಳಿಗ್ಗೆ ತರಕಾರಿ ಮಂಡಿಯಲ್ಲಿ ಹರಾಜು ಕೂಗುವ ಕೆಲಸ. ಎಲೆಕೋಸಿನ ಗುಡ್ಡೆಯ ಮೇಲೆ ಒಂದು ಕಾಲಿಟ್ಟು ನಿಂತು ಅವಳು ದನಿ ತೆಗೆದರೆ, ಮಂಡಿಯ ಆಚೆ ತುದಿಯಲ್ಲಿ ಲಾರಿಗೆ ಹಗ್ಗ ಬಿಗಿಯುವವರೂ ತಿರುಗಿ ನೋಡಬೇಕು. ಆ ದನಿಗೆ ಮೈಕು ಬೇಕಿರಲಿಲ್ಲ. ಅವಳ ಗಂಡ, ಎಂದರೆ ಭಾವ, ಹಾಲಿನ ವ್ಯಾನು ಓಡಿಸುತ್ತಿದ್ದ. ನಸುಕಿಗೇ ಎದ್ದು ಊರೂರು ಸುತ್ತಿ ಕ್ಯಾನುಗಳನ್ನು ತುಂಬಿಕೊಂಡು ಬಂದು, ಮಧ್ಯಾಹ್ನ ಮಲಗಿ, ಸಂಜೆಗೆ ಗಿಟಾರು ಹಿಡಿಯುವ ಮನುಷ್ಯ. ಮಾತು ಕಮ್ಮಿ, ಬಿಗುಮಾನ ಜಾಸ್ತಿ. ಅವನ ಗಿಟಾರಿಗೆ ಮುಚ್ಚಿದ ಟಾಕೀಸೊಂದರ ಹಳೇ ಆಂಪ್ಲಿಫೈಯರ್ ಸಿಕ್ಕಿತ್ತು. ಸ್ಪೀಕರು ಹರಿದಿದ್ದರಿಂದ ಒಂದೊಂದು ಪೆಟ್ಟೂ ಗೋಣಿಚೀಲ ಹರಿದಂತೆ ಕೇಳುತ್ತಿತ್ತು. ನಾಲ್ಕನೆಯವನು ಪೋಸ್ಟಣ್ಣ. ಸೈಕಲ್ಲಿನಲ್ಲಿ ಟಪಾಲು ಹಂಚುವ ಆ ಉದ್ದನೆಯ ಮನುಷ್ಯ ಬೇಸ್ ಗಿಟಾರು ಹಿಡಿದು ಬಾಗಿ ನಿಂತರೆ ಗಾಳಿಗೆ ಬಗ್ಗಿದ ಬಿದಿರಿನ ಹಾಗೆ ಕಾಣುತ್ತಿದ್ದ.

ಹಾಡುಗಳು ಮಾವನವು. ಅಮ್ಮನ ತಮ್ಮ. ಅವನ ಹರೆಯದಲ್ಲಿ ಊರೂರಿನ ಹುಡುಗರು ಗ್ಯಾರೇಜು, ಶೆಡ್ಡು, ಉಗ್ರಾಣ ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಗಿಟಾರು ಹಿಡಿದು, ಮೂರೇ ಮೂರು ಸ್ವರಗುಚ್ಛಗಳಲ್ಲಿ ಹಾಡು ಕಟ್ಟಿ ಕಿರುಚುತ್ತಿದ್ದರಂತೆ. ಗ್ಯಾರೇಜ್ ರಾಕ್ ಎಂದು ಪೇಟೆಯವರು ಹೆಸರಿಟ್ಟಿದ್ದರು. ಅಜ್ಜಿ ಮಾತ್ರ ಅದಕ್ಕೆ ‘ತಗಡು ಬಡಿಯೋದು’ ಎನ್ನುತ್ತಿದ್ದಳು. ಕೆಲವೇ ವರ್ಷಗಳಲ್ಲಿ ಆ ಗದ್ದಲವೆಲ್ಲ ಅಡಗಿ, ಹುಡುಗರು ಕೆಲಸಕ್ಕೆ ಸೇರಿ, ಗಿಟಾರುಗಳು ಅಟ್ಟ ಸೇರಿದ್ದವು. ಮಾವ ಉಳಿಸಿಹೋದದ್ದು ಒಂದೇ ಒಂದು ಗ್ರಾಮಫೋನ್ ತಟ್ಟೆ. ಅದರಲ್ಲಿ ಹಾಡಿನ ನಡುವೆ ಯಾರೋ ಸ್ಪ್ಯಾನರು ಬೀಳಿಸುತ್ತಾರೆ, ಠಣ್ ಎನ್ನುತ್ತದೆ, ಇನ್ಯಾರೋ ಕೆಮ್ಮುತ್ತಾರೆ, ಹಾಡು ಮಾತ್ರ ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ಅಕ್ಕ ತಮ್ಮ ಇಬ್ಬರೂ ಆ ಸ್ಪ್ಯಾನರು ಬೀಳುವ ಗಳಿಗೆಗಾಗಿಯೇ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ತಂಡಕ್ಕೆ ‘ತಗಡು’ ಎಂದೇ ಹೆಸರಿಟ್ಟರು. ಕಟ್ಟಳೆಯೂ ಒಂದಿತ್ತು, ಅದನ್ನು ಮಾಡಿದವನು ಮೆಕ್ಯಾನಿಕನೇ. ಮೊದಲ ಸಲ ಟೇಪಿಗೆ ಹಾಡಿದಾಗ ಭಾವ ಒಂದು ಕಡೆ ಬೆರಳು ತಪ್ಪಿ, “ನಿಲ್ಸಿ ನಿಲ್ಸಿ, ಮತ್ತೆ ಮೊದಲಿಂದ” ಎಂದ.

“ಮತ್ತೆ ಗಿತ್ತೆ ಏನಿಲ್ಲ ಭಾವ,” ಎಂದ ಮೆಕ್ಯಾನಿಕ್. “ಮಾವ ಸ್ಪ್ಯಾನರ್ ಬಿದ್ದಿದ್ದನ್ನ ತೆಗೆದ್ನಾ? ಆದದ್ದು ಆಯ್ತು. ಇಲ್ಲಿ ತಪ್ಪು ಮುಟ್ಟಬಾರದು.”

“ದಿನಾ ಊರಿನ ತಪ್ಪೆಲ್ಲಾ ರಿಪೇರಿ ಮಾಡೋನು ನೀನೇ ಹೇಳ್ತೀಯಲ್ಲೋ!” ಎಂದಳು ಅಕ್ಕ.

“ಅದಕ್ಕೇ ಹೇಳ್ತಿರೋದು. ಇದೊಂದಾದ್ರೂ ರಿಪೇರಿ ಇಲ್ದೆ ಇರ್ಲಿ. ನಂಗೂ ಸುಸ್ತಾಗಲ್ವಾ?”

ಅಂದು ನಕ್ಕರು. ಕಟ್ಟಳೆ ಉಳಿಯಿತು. ಮುಂದೆ ಇವರ ಹೆಸರು ಹರಡಿದ್ದೂ ಅದರಿಂದಲೇ.

ಹೇಗೆ ಹರಡಿತು ಎಂದು ಕೇಳಿದರೆ ಅವರಿಗೇ ಸರಿಯಾಗಿ ತಿಳಿಯದು. ಬೆಳೆಗಾರರ ಸಂಘದ ವಾರ್ಷಿಕ ಸಭೆಯಲ್ಲಿ ಒಂದು ಸಲ ಬಾರಿಸಿದರು. ಅಧ್ಯಕ್ಷರು ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರೂ ಹಿಂದಿನ ಸಾಲಿನ ಹರೆಯದವರು ಕುರ್ಚಿ ಬಿಟ್ಟು ಎದ್ದರು. ಶೆಡ್ಡಿನಲ್ಲಿ ತುಂಬಿದ ಟೇಪು ಕೈಯಿಂದ ಕೈಗೆ ದಾಟಿ ಪೇಟೆಯ ರೇಡಿಯೋದವರಿಗೆ ಸಿಕ್ಕಿತು. ಅಲ್ಲಿ ಆ ಹೊತ್ತಿಗೆ ಹಳೆಯ ಒರಟು ಸಂಗೀತಕ್ಕೆ ಮತ್ತೆ ಜೀವ ಬಂದಿತ್ತು. ನುಣುಪು ಹಾಡುಗಳನ್ನು ಕೇಳಿ ಬೇಸತ್ತ ಜನ, ಎಲ್ಲಿ ತಗಡಿನ ಸದ್ದಿದೆ, ಎಲ್ಲಿ ಹರಿದ ಸ್ಪೀಕರಿದೆ ಎಂದು ಹುಡುಕುತ್ತಿದ್ದರು. ಒಂದು ಮಧ್ಯಾಹ್ನ ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ ಕಾರಿನಲ್ಲಿ ಬಂದು, ಶೆಡ್ಡಿನ ಬಾಗಿಲಲ್ಲಿ ನಿಂತು, ಗುಂಡಿ, ಹಲಗೆ, ಡ್ರಮ್ಮು, ಗೋಡೆಗೊರಗಿದ ನೇಗಿಲುಗಳನ್ನೆಲ್ಲ ನೋಡಿ, “ಅಯ್ಯೋ, ಏನೂ ಮುಟ್ಟಬೇಡಿ. ಹೀಗೇ ಇರಲಿ,” ಎಂದ.

“ಕಸ ಗುಡಿಸಬಹುದಾ ಸ್ವಾಮಿ?” ಎಂದು ಕೇಳಿದ ಪೋಸ್ಟಣ್ಣ.

ಟೋಪಿಯವನು ನಕ್ಕ. ಇವರ ತಿರುಗಾಟದ ಏರ್ಪಾಟೆಲ್ಲ ಅಂದಿನಿಂದ ಅವನದೇ.

ಮೊದಲ ವರ್ಷ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಹಾಲಿನ ವ್ಯಾನಿನಲ್ಲಿ ಕ್ಯಾನುಗಳನ್ನು ಇಳಿಸಿ ಡ್ರಮ್ಮುಗಳನ್ನು ಏರಿಸುತ್ತಿದ್ದರು. ಹೋದ ಕಡೆಯಲ್ಲೆಲ್ಲ ವೇದಿಕೆಯ ಮೇಲೆ ಹುಳಿ ಹಾಲಿನ ವಾಸನೆ. ಬೇರೆ ಸಭಾಂಗಣಗಳಲ್ಲಿ ಕೆಳಗೆ ಗುಂಡಿ ಇರುವುದಿಲ್ಲವಲ್ಲ. ಗುಂಡಿಯಿಲ್ಲದೆ ಕಾಲಿನ ಡ್ರಮ್ಮು ಸಪ್ಪೆ. ಅದಕ್ಕೆಂದು ಮೆಕ್ಯಾನಿಕ್ ದೊಡ್ಡದೊಂದು ಮರದ ಪೆಟ್ಟಿಗೆ ಮಾಡಿ, ಅದರ ಮೇಲೆ ಶೆಡ್ಡಿನ ಹಲಗೆಗಳನ್ನೇ ಹಾಸಿ ಕೂರುತ್ತಿದ್ದ. ಹಲಗೆಗಳು ತಿರುಗಾಟಕ್ಕೆ ಹೊರಟಾಗ ಶೆಡ್ಡಿನ ಗುಂಡಿ ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು. ರಿಪೇರಿಗೆ ಬಂದವರು ಬಾಗಿಲ ಬೀಗ ನೋಡಿ ಬೈದುಕೊಂಡು ಹೋಗುತ್ತಿದ್ದರು.

ಎರಡನೆಯ ವರ್ಷಕ್ಕೆ ದಣಿವು ಬಂತು. ಅದು ಒಂದೇ ಸಲಕ್ಕೆ ಬಂದದ್ದಲ್ಲ; ಬಾಗಿಲ ಸಂದಿಯಿಂದ ಧೂಳು ಬಂದ ಹಾಗೆ ಬಂತು. ಅದೇ ರಸ್ತೆ, ಅದೇ ಹಾಡು, ಅದೇ ಕಡೆ ಅದೇ ತಪ್ಪು. ಹೌದು, ತಪ್ಪುಗಳೂ ಈಗ ರೂಢಿಯಾಗಿದ್ದವು. ಟೇಪಿನಲ್ಲಿ ಭಾವನ ಬೆರಳು ಜಾರಿದ ಜಾಗದಲ್ಲಿ ಜನ ಕಾದು ಕೂಗುತ್ತಿದ್ದರು. ಅವನು ಬೇಕೆಂದೇ ಅಲ್ಲಿ ಬೆರಳು ಜಾರಿಸಬೇಕಾಗಿತ್ತು. “ಒಂದ್ ದಿನ ಸರಿಯಾಗಿ ನುಡಿಸ್ಬಿಟ್ರೆ ಕಲ್ಲು ಹೊಡೀತಾರೆ ನೋಡಿ,” ಎಂದು ಪೋಸ್ಟಣ್ಣ ಹಾಸ್ಯ ಮಾಡಿದರೆ ಭಾವ ಮುಖ ತಿರುಗಿಸಿಕೊಳ್ಳುತ್ತಿದ್ದ.

ಬಿತ್ತನೆಯ ಕಾಲದಲ್ಲಿ ಕೆಲವು ದಿನ ಊರಿಗೆ ಬಂದಿದ್ದರು. ಮೆಕ್ಯಾನಿಕನಿಗೆ ಉಸಿರಾಡಲು ಬಿಡುವಿರಲಿಲ್ಲ, ಶೆಡ್ಡಿನ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಅಕ್ಕ ಬೆಳಿಗ್ಗೆ ಮಂಡಿಗೆ ಹೋಗಿ ಕೂಗಿ ಬಂದು, ಸಂಜೆ ಶೆಡ್ಡಿಗೆ ಬಂದು ಹೊಸ ಹಾಡು ಹಿಡಿದಳು. ಗುಂಡಿಯಲ್ಲಿ ನಿಂತು ಯಾರದೋ ಆಕ್ಸಲ್ ಬಿಗಿಯುತ್ತಿದ್ದ ಮೆಕ್ಯಾನಿಕನಿಗೆ ಅದು ಕೇಳಿಸಿದ್ದು ಆಗ.

ಸಾಲಿನ ಕೊನೆಯಲ್ಲಿ, ದನಿ ಇಳಿಯುವ ಜಾಗದಲ್ಲಿ, ಕೂದಲೆಳೆಯಷ್ಟು ತಡ. ಒಂದು ಸಣ್ಣ ಕಿರುಗುಡುವಿಕೆ. ಮೊದಲ ಹಾಡಿನಲ್ಲಿ ಇಲ್ಲ. ಮೈ ಬಿಸಿಯಾದ ಮೇಲೆ ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ. ಗ್ರೀಸು ಒಣಗಿದ ಬೇರಿಂಗು ಹೀಗೇ ಮಾಡುತ್ತದೆ. ತಣ್ಣಗಿದ್ದಾಗ ಸುಮ್ಮನಿರುತ್ತದೆ, ಓಡಿ ಓಡಿ ಬಿಸಿಯಾದಾಗ ಅಳುತ್ತದೆ. ತಿಂಗಳುಗಟ್ಟಲೆ ಹಾಗೆ ಹೇಳುತ್ತಲೇ ಇದ್ದು, ಕೊನೆಗೊಂದು ದಿನ ಹಿಡಿದುಕೊಂಡು ನಿಂತುಬಿಡುತ್ತದೆ.

ಅವನ ಕೈಯಲ್ಲಿದ್ದ ಸ್ಪ್ಯಾನರು ನಿಂತಿತು. ಮೇಲೆ ಅಕ್ಕ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, “ಏನೋ, ಕೆಳಗೆ ಮಲಗ್ಬಿಟ್ಯಾ?” ಎಂದಳು.

“ಇಲ್ಲ. ನಟ್ಟು ಬಿಗಿಯಾಗಿದೆ,” ಎಂದ.

ಅಷ್ಟೇ ಹೇಳಿದ್ದು. ದಾರಿಹೋಕನ ಗಾಡಿಯನ್ನು ತಡೆದು ಹೇಳುವವನು, ಅಕ್ಕನಿಗೆ ಹೇಳಲಿಲ್ಲ. ಯಾಕೆ ಎಂದು ಅವನು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಹೇಳಿದರೆ ಹಾಡು ನಿಲ್ಲಿಸಬೇಕು, ಹಾಡು ನಿಂತರೆ ತಂಡ ಇಲ್ಲ. ತಂಡ ಇಲ್ಲದಿದ್ದರೆ ಅಕ್ಕ ತನ್ನ ಮನೆ, ತನ್ನ ಮಂಡಿ. ತಾನು ಈ ಗುಂಡಿ. ಅಪ್ಪ ಸತ್ತ ಮೇಲೆ ಇಬ್ಬರೂ ಕೂತು ಮಾತಾಡಿದ್ದೇ ಅಪರೂಪವಾಗಿತ್ತು. ಡ್ರಮ್ಮು ಬಂದ ಮೇಲೆ ಮತ್ತೆ ಅಕ್ಕ ತಮ್ಮ ಆಗಿದ್ದರು. ಜೊತೆಗೆ ಕಟ್ಟಳೆ ಬೇರೆ ಇತ್ತಲ್ಲ, ತಪ್ಪು ಮುಟ್ಟಬಾರದು ಎಂದು. ಅವನು ಅದರ ಹಿಂದೆ ಅಡಗಿ ಕೂತ.

ಜನರಿಗೋ, ಆ ಕಿರುಗುಡುವಿಕೆಯೇ ರುಚಿಸಿತು. ಪೇಟೆಯಲ್ಲಿ ತಂಡದ ತಟ್ಟೆ ಮಾಡಲು ಹೋದಾಗ, ಮೆತ್ತೆ ಹೊದಿಸಿದ ಕೋಣೆಯಲ್ಲಿ ಗಾಜಿನಾಚೆ ಕೂತ ರೆಕಾರ್ಡಿಂಗಿನವನು, “ಅಕ್ಕಾ, ಕೊನೇಲಿ ದನಿ ಒಡೀತಲ್ಲ, ಅದು ಬಂಗಾರ. ಅದನ್ನ ಹಾಗೇ ಇಟ್ಕೊಳ್ಳಿ,” ಎಂದ. ಅಕ್ಕ ನಕ್ಕು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡಳು. ಈಚೆಗೆ ಫ್ಲಾಸ್ಕು ಅವಳ ಕಂಕುಳು ಬಿಟ್ಟು ಇಳಿಯುತ್ತಿರಲಿಲ್ಲ. ಮೆಕ್ಯಾನಿಕ್ ಕಣ್ಣು ತಪ್ಪಿಸಿ ಡ್ರಮ್ಮಿನ ತಿರುಪುಗಳನ್ನು ಸುಮ್ಮನೆ ಬಿಗಿಯುತ್ತ ಕೂತ.

ಭಾವನಿಗೆ ಕೇಳಿಸಿರಲಿಲ್ಲವೇ? ಹರಿದ ಸ್ಪೀಕರಿನ ಮುಂದೆ ವರ್ಷಗಟ್ಟಲೆ ನಿಂತವನ ಕಿವಿ ಅದು. ಅವನಿಗೆ ಕೇಳಿಸದಿದ್ದದ್ದು ನಿಜ. ಪೋಸ್ಟಣ್ಣ ಒಂದು ದಿನ ವ್ಯಾನಿನ ಹಿಂದೆ ಕೂತಾಗ, “ಅಕ್ಕಾವ್ರು ಈಚೆಗೆ ಮಾತು ಕಮ್ಮಿ ಮಾಡಿದಾರಲ್ಲ, ನಿಮ್ಮ ಭಾವನ ಗಾಳಿ ಹೊಡೀತೋ ಏನೋ,” ಎಂದ. ಮೆಕ್ಯಾನಿಕ್ ಹೂಂ ಎಂದು ಹೊರಗೆ ನೋಡಿದ. ರಸ್ತೆಯ ಎರಡೂ ಕಡೆ ಕೊಯ್ಲು ಮುಗಿದ ಹೊಲಗಳು, ಬೋಳು ಕೂಳೆ, ಅಲ್ಲಲ್ಲಿ ನಿಂತ ಟ್ರ್ಯಾಕ್ಟರುಗಳು. ಯಾವುದಕ್ಕೆ ಏನು ಕಾಯಿಲೆ ಎಂದು ಅವನಿಗೆ ಇಲ್ಲಿಂದಲೇ ಗೊತ್ತು.

ಅಂದು ಹೋದದ್ದು ಬಹಳ ದೊಡ್ಡ ಸಭಾಂಗಣ. ಮಧ್ಯಾಹ್ನವೇ ತಲುಪಿ, ಸಾಮಾನು ಇಳಿಸಿ, ಪೆಟ್ಟಿಗೆಯ ಮೇಲೆ ಹಲಗೆ ಹಾಸಿ ಡ್ರಮ್ಮು ನಿಲ್ಲಿಸಿದರು. ಕುರ್ಚಿಗಳೆಲ್ಲ ಖಾಲಿ. ಒಬ್ಬಳು ಹೆಂಗಸು ದೂರದಲ್ಲಿ ಕಸ ಗುಡಿಸುತ್ತಿದ್ದಳು. ಮೈಕಿನವನು ಕೂಗಿದ: “ಅಕ್ಕಾ, ನೀವೊಬ್ರೇ ಒಂದು ಸಾಲು. ಗಿಟಾರು ಡ್ರಮ್ಮು ಏನೂ ಬೇಡ.”

ಅಕ್ಕ ಮೈಕಿನ ಮುಂದೆ ನಿಂತಳು. ಮಾವನ ಹಾಡಿನ ಮೊದಲ ಸಾಲು, ಮೇಲಿನಿಂದ ಶುರುವಾಗುವುದು. ಬಾಯಿ ತೆರೆದಳು. ದನಿ ಬರಲಿಲ್ಲ. ಬರಿಯ ಗಾಳಿ ಬಂತು. ಒಂದು ಗಳಿಗೆ ಆದಮೇಲೆ, ಹ್ಯಾಂಡಲು ತಿರುಗಿಸಿ ಎಬ್ಬಿಸಿದ ಹಳೇ ಇಂಜಿನ್ನಿನಂತೆ, ದನಿ ಕೆಮ್ಮಿಕೊಂಡು ಹತ್ತಿಕೊಂಡಿತು. ಸಾಲು ಮುಗಿಸಿ, “ಊಟ ಜಾಸ್ತಿ ಆಯ್ತು ಅನ್ಸುತ್ತೆ,” ಎಂದು ನಕ್ಕಳು.

“ಆಹಾ! ಅದೇ ಇರ್ಲಿ ಅಕ್ಕಾ, ಸಾಯಂಕಾಲನೂ ಹಾಗೇ ಎತ್ಕೊಳ್ಳಿ!” ಎಂದ ಮೈಕಿನವನು.

ಮೈ ತಣ್ಣಗಿರುವಾಗಲೇ ಬಂದುಬಿಟ್ಟಿದೆ ಎಂದುಕೊಂಡ ಮೆಕ್ಯಾನಿಕ್. ಕೋಲುಗಳನ್ನು ಕೆಳಗಿಟ್ಟು, ಎದ್ದು, ಜೇಬಿನಿಂದ ಸ್ಪ್ಯಾನರು ತೆಗೆದು, ಈಗಷ್ಟೇ ನಿಲ್ಲಿಸಿದ ಡ್ರಮ್ಮಿನ ಕಾಲುಗಳ ನಟ್ಟು ಬಿಚ್ಚತೊಡಗಿದ.

“ಏನ್ ಮಾಡ್ತಿದೀಯ?” ಎಂದ ಭಾವ.

“ಇವತ್ತು ಬೇಡ ಭಾವ. ಮನೆಗೆ ಹೋಗೋಣ.”

“ತಲೆ ಕೆಟ್ಟಿದೆಯಾ? ಟಿಕೆಟ್ ತಗೊಂಡು ಜನ ಬರ್ತಾರೆ!”

“ಬರ್ಲಿ. ಅಕ್ಕನ ಗಂಟಲು ಹೋಗ್ತಿದೆ. ಇವತ್ತು ಹಾಡಿದ್ರೆ ಹಿಡ್ಕೊಂಡ್ಬಿಡುತ್ತೆ.”

ಕಸ ಗುಡಿಸುತ್ತಿದ್ದವಳೂ ಪೊರಕೆ ನಿಲ್ಲಿಸಿದಳು. ಅಕ್ಕ ಮೈಕು ಬಿಟ್ಟು ನಿಧಾನವಾಗಿ ನಡೆದು ಬಂದು ಅವನ ಎದುರು ನಿಂತಳು. ಕೋಪವಿರಲಿಲ್ಲ ಆಗ, ಮುಖ ಬಿಳಿಚಿಕೊಂಡಿತ್ತು.

“ಏನ್ ಕೇಳಿಸ್ತು ನಿಂಗೆ?”

“ಒಣಗಿದೆ ಅಕ್ಕ. ಒಳಗೆ ಉಜ್ಜುತ್ತಾ ಇದೆ.”

“ಈಗ ಕೇಳಿಸ್ತಾ?”

ಸುಳ್ಳು ಹೇಳುವುದು ಸುಲಭವಿತ್ತು. ಹೌದು, ಈಗ ಎಂದರೆ ಮುಗಿದುಹೋಗುತ್ತಿತ್ತು.

“ಇಲ್ಲ. ಬಿತ್ತನೆ ಟೈಮಲ್ಲಿ.”

ಪೋಸ್ಟಣ್ಣ ಬೇಸ್ ಗಿಟಾರನ್ನು ಗೋಡೆಗೆ ಒರಗಿಸಿ ಬೇರೆಲ್ಲೋ ನೋಡಿದ.

“ಬಿತ್ತನೆ ಟೈಮಲ್ಲಿ,” ಎಂದಳು ಅಕ್ಕ. “ಬಿತ್ತಿ, ಬೆಳೆದು, ಕೊಯ್ದೂ ಆಯ್ತಲ್ಲೋ. ಯಾರೋ ದಾರೀಲಿ ಹೋಗೋನ ಟ್ರ್ಯಾಕ್ಟರ್ ಆಗಿದ್ರೆ ಅವತ್ತೇ ಅಡ್ಡ ನಿಂತು ಹೇಳ್ತಿದ್ದೆ.”

“ಅಕ್ಕ…”

“ಅಕ್ಕ ಅನ್ಬೇಡ. ಹೊಟ್ಟೆಪಾಡಿಗೂ ನಂಗಿದೊಂದೇ ಗಂಟಲು. ಬೆಳಿಗ್ಗೆ ಕೂಗೋದೂ ಇದರಲ್ಲೇ. ನಿಂಗೆ ಗೊತ್ತಿತ್ತು.”

“ತಪ್ಪಾಯ್ತು. ಇವತ್ತಾದ್ರೂ ಬಿಡು. ನಡಿ.”

“ಇಷ್ಟು ದಿನ ನೀನು ಸುಮ್ನೆ ಇದ್ದಿದ್ದು ನಿನ್ನಿಷ್ಟ. ಇವತ್ತು ಹಾಡೋದು ನನ್ನಿಷ್ಟ,” ಎಂದಳು ಅವಳು. ಕೋಪ ಈಗ ಬಂತು. “ರೀ, ಬೇರೆ ಯಾರಾದ್ರೂ ಡ್ರಮ್ಮಿನೋರು ಇದಾರಾ ಕೇಳಿ.”

ಇದ್ದ. ಅದೇ ಸಂಜೆ ಮೊದಲು ಬಾರಿಸಬೇಕಾಗಿದ್ದ ಇನ್ನೊಂದು ತಂಡದವನು. ಭಾವ ಅವನನ್ನು ಕರೆತಂದ. ಕರೆಯಲು ಹೋಗುವಾಗ ಮೆಕ್ಯಾನಿಕನ ಹತ್ತಿರ ಬಂದು, ಹಲ್ಲು ಕಚ್ಚಿ, “ನನ್ ಹೆಂಡ್ತಿ ವಿಷಯ ನಂಗೆ ಹೇಳೋಕೆ ಬಾಯಿ ಬರ್ಲಿಲ್ವೇನೋ ನಿಂಗೆ?” ಎಂದ. ಮೆಕ್ಯಾನಿಕ್ ತನ್ನ ಡ್ರಮ್ಮುಗಳನ್ನು ಹೊತ್ತು, ಹಲಗೆಗಳನ್ನು ಒಂದೊಂದಾಗಿ ಎಳೆದುಕೊಂಡು ಹೋಗಿ ವ್ಯಾನಿಗೆ ತುಂಬಿ, ಹಿಂದಿನ ಬಾಗಿಲು ತೆರೆದಿಟ್ಟುಕೊಂಡು ಕೂತ.

ಬಿಸಿಲು ಇಳಿಯುತ್ತಿರುವಾಗ ಸಭಾಂಗಣ ತುಂಬಿತು. ಗೋಡೆಯಾಚೆಯಿಂದ ಎಲ್ಲವೂ ಕೇಳುತ್ತಿತ್ತು. ಮೊದಲ ಹಾಡು ದಾಟಿತು. ಎರಡನೆಯದರಲ್ಲಿ ಜನ ಕುಣಿದು ಕುರ್ಚಿ ಎಳೆದಾಡಿದರು. ಮೂರನೆಯ ಹಾಡಿನ ನಡುವೆ, ಮೇಲೇರುವ ಜಾಗದಲ್ಲಿ, ಅಕ್ಕನ ದನಿ ನಿಂತಿತು. ಗಿಟಾರು ಮುಂದೆ ಹೋಯಿತು, ಡ್ರಮ್ಮು ಮುಂದೆ ಹೋಯಿತು, ಜನ ಇದೂ ಹಾಡಿನ ಒಂದು ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಸ್ಪ್ಯಾನರು ಬಿದ್ದರೂ ನಿಲ್ಲದ ಹಾಡಲ್ಲವೇ. ಮೆಕ್ಯಾನಿಕ್ ಎರಡೂ ಕೈಗಳನ್ನು ಕಿವಿಗೆ ಒತ್ತಿ ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ಗಿಟಾರೂ ನಿಂತಿತು.

ವಾಪಸ್ಸು ಬರುವ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಅಕ್ಕನಿಗೆ ಆಗುತ್ತಿರಲಿಲ್ಲ, ಉಳಿದವರಿಗೆ ಬೇಕಿರಲಿಲ್ಲ. ಹಲಗೆಗಳು ವ್ಯಾನಿನ ಹಿಂದೆ ಒಂದಕ್ಕೊಂದು ಬಡಿಯುತ್ತಿದ್ದವು. ಪೋಸ್ಟಣ್ಣ ತನ್ನ ಮನೆಯ ತಿರುವಿನಲ್ಲಿ ಇಳಿದು, ವ್ಯಾನಿನ ಮೈಮೇಲೆ ಎರಡು ಸಲ ತಟ್ಟಿ ಹೋದ. ತಗಡು ತಂಡ ಮುಗಿದದ್ದು ಹಾಗೆ. ಬಿಟ್ಟೆವೆಂದು ಯಾರೂ ಹೇಳಲಿಲ್ಲ. ಟೋಪಿಯವನು ಕೆಲವು ದಿನ ಫೋನು ಮಾಡಿದ. ಆಮೇಲೆ ಬೇರೆ ಯಾವುದೋ ಶೆಡ್ಡಿನಲ್ಲಿ ಬೇರೆ ಯಾರನ್ನೋ ಕಂಡುಕೊಂಡನಂತೆ.

ಅಕ್ಕನ ಧ್ವನಿಪೆಟ್ಟಿಗೆಯಲ್ಲಿ ಗಂಟು ಕಟ್ಟಿದೆ ಎಂದು ಡಾಕ್ಟರು ಹೇಳಿದರು. ಒಂದು ಸಣ್ಣ ಶಸ್ತ್ರಚಿಕಿತ್ಸೆ, ಆಮೇಲೆ ಮೌನ. ಮಂಡಿಯಲ್ಲಿ ಹರಾಜು ಕೂಗುವ ಕೆಲಸ ಇನ್ನೊಬ್ಬನಿಗೆ ಹೋಯಿತು. ಅವಳನ್ನು ತೂಕದ ಯಂತ್ರದ ಹತ್ತಿರ ಕೂರಿಸಿದರು. ಇದನ್ನೆಲ್ಲ ಮೆಕ್ಯಾನಿಕನಿಗೆ ಹೇಳಿದವನು ಪೋಸ್ಟಣ್ಣ. ಟಪಾಲು ಹಂಚುವ ದಾರಿಯಲ್ಲಿ ಶೆಡ್ಡಿನ ಮುಂದೆ ಸೈಕಲ್ಲು ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ ಹೇಳಿ ಹೋಗುತ್ತಿದ್ದ.

“ಭಾವ ಹೇಗಿದಾರೆ?”

“ಗಿಟಾರನ್ನ ಅಟ್ಟಕ್ಕೆ ಹಾಕಿದಾರೆ. ನಿಮ್ಮ ಹೆಸರೆತ್ತಿದ್ರೆ ಹಾಲು ಒಡೆಯುತ್ತೆ.”

ಮೆಕ್ಯಾನಿಕ್ ಎರಡು ಸಲ ಅಕ್ಕನ ಮನೆಯವರೆಗೆ ಹೋದ. ಒಂದು ಸಲ ಬಾಗಿಲು ತೆರೆಯಲಿಲ್ಲ, ಇನ್ನೊಂದು ಸಲ ಭಾವ ತೆರೆದು, ಮಲಗಿದಾಳೆ ಎಂದು ಹೇಳಿ ಮುಚ್ಚಿದ. ಹಲಗೆಗಳನ್ನು ಮತ್ತೆ ಗುಂಡಿಯ ಮೇಲೆ ಹಾಸಿದ. ಡ್ರಮ್ಮುಗಳನ್ನು ಟೈರುಗಳ ಹಿಂದೆ ಪೇರಿಸಿಟ್ಟು ಗೋಣಿಚೀಲ ಹೊದಿಸಿದ. ಕೆಲಸ ಯಾವತ್ತಿನಂತೆ ಬರುತ್ತಿತ್ತು. ಬಂದ ಗಾಡಿಗಳ ಕಾಯಿಲೆಯನ್ನು ಈಗಲೂ ಹೇಳುತ್ತಿದ್ದ, ಆದರೆ ದಾರಿಯಲ್ಲಿ ಹೋಗುವವರನ್ನು ತಡೆಯುವುದು ಬಿಟ್ಟಿದ್ದ. ಕೇಳಿಸುತ್ತಿತ್ತು, ಏಳಲು ಮನಸ್ಸು ಬರುತ್ತಿರಲಿಲ್ಲ.

ಮತ್ತೊಂದು ಬಿತ್ತನೆ ಮುಗಿದು, ಪೈರು ಮೊಳಕಾಲೆತ್ತರ ಬಂದ ಮೇಲೆ, ಒಂದು ಮಧ್ಯಾಹ್ನ ಹಾಲಿನ ವ್ಯಾನಿನ ಸದ್ದು ಕೇಳಿತು. ಗುಂಡಿಯಲ್ಲಿದ್ದ ಮೆಕ್ಯಾನಿಕ್ ತಲೆ ಎತ್ತದೆಯೇ ಗುರುತು ಹಿಡಿದ. ಒಂದು ಸಿಲಿಂಡರು ಹೊಡೆಯುತ್ತಿಲ್ಲ, ಕುಂಟಿಕೊಂಡು ಬರುತ್ತಿದೆ. ಭಾವನೇ ಬಂದನೇ ಎಂದು ಕೈ ಒರೆಸಿಕೊಂಡು ಮೇಲೆ ಹತ್ತಿದ. ಇಳಿದವಳು ಅಕ್ಕ. ಸೊರಗಿದ್ದಳು. ಕತ್ತಿಗೆ ಒಂದು ಬಟ್ಟೆ ಸುತ್ತಿಕೊಂಡಿದ್ದಳು.

ಅವನು ಬಾನೆಟ್ಟು ಎತ್ತಿದ. ಅವಳು ಒಳಗೆ ಬಂದು, ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಡೀಸೆಲ್ಲು ಚಿಮ್ಮಿಸುವ ಇಂಜೆಕ್ಟರು ಕಟ್ಟಿಕೊಂಡಿತ್ತು. ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಊದಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೂರಿಸಿದ. ಮುಗಿಸುವಷ್ಟರಲ್ಲಿ ಬಿಸಿಲು ಬಾಗಿಲಿನಿಂದ ಗೋಡೆಗೆ ಏರಿತ್ತು.

“ಹಲಗೆ ವಾಪಸ್ ಬಂದಿದೆ,” ಎಂದಳು ಅಕ್ಕ, ಗುಂಡಿಯ ಪಕ್ಕಕ್ಕೆ ಸರಿಸಿಟ್ಟಿದ್ದ ಹಲಗೆಗಳನ್ನು ನೋಡಿ.

ಅವನ ಬೆನ್ನು ನೆಟ್ಟಗಾಯಿತು. ದನಿ ತಗ್ಗಿನಲ್ಲಿತ್ತು, ಯಾವತ್ತಿಗಿಂತ ಒಂದು ಮೆಟ್ಟಿಲು ಕೆಳಗೆ. ಅವನು ತಿರುಗಲಿಲ್ಲ.

“ಇನ್ನೇನ್ ಮಾಡ್ಲಿ. ಯಾರಾದ್ರೂ ಬಿದ್ದಾರು.”

“ನಂಗೆ ಡಾಕ್ಟ್ರು ಎಲ್ಲಾ ಸರಿ ಹೋಗುತ್ತೆ ಅಂತಾರೆ. ನಿಮ್ಮ ಭಾವನೂ ಹಾಗೇ ಅಂತಾರೆ. ಮಂಡಿಯೋರೂ ಅಷ್ಟೇ, ಮುಂದಿನ ವರ್ಷ ಮತ್ತೆ ಕೂಗ್ತೀಯ ಬಿಡು ಅಂತಾರೆ. ನಿಂಗೇನ್ ಕೇಳಿಸ್ತಿದೆ? ಹೇಳು.”

“ಅಕ್ಕ, ನಾನೇನು…”

“ಹೇಳೋ. ಅದಕ್ಕೇ ಬಂದಿರೋದು. ವ್ಯಾನು ಪೇಟೇಲೂ ರಿಪೇರಿ ಆಗ್ತಿತ್ತು.”

ಅವನು ತಿರುಗಿ, ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಹಾಕಿ, ಅವಳ ಎದುರು ಕುಕ್ಕರುಗಾಲಲ್ಲಿ ಕೂತ.

“ಏನಾದ್ರೂ ಮಾತಾಡು.”

“ಏನ್ ಮಾತಾಡ್ಲಿ?”

“ಮಂಡಿಯಲ್ಲಿ ಏನಾಯ್ತು ಇವತ್ತು, ಅದೇ ಹೇಳು.”

ಅವಳು ಹೇಳಿದಳು. ಹೊಸದಾಗಿ ಹರಾಜು ಕೂಗುವವನು ಮೂಲಂಗಿಯನ್ನೂ ಕ್ಯಾರೆಟ್ಟನ್ನೂ ಒಂದೇ ರಾಗದಲ್ಲಿ ಕೂಗುತ್ತಾನೆಂದು, ಕೊಳ್ಳುವವರು ಆಕಳಿಸುತ್ತಾರೆಂದು, ಇವತ್ತು ಅವನು ಹತ್ತಿದ ಎಲೆಕೋಸಿನ ಗುಡ್ಡೆ ಜಾರಿ, ಮಾತಿನ ನಡುವೆಯೇ ಅವನು ಕಾಣೆಯಾದನೆಂದು. ಹೇಳುತ್ತ ನಗು ಬಂತು. ನಗು ಮೇಲೇರಲು ಹೋಗಿ, ಒಂದು ಕಡೆ ಬರಿಯ ಗಾಳಿಯಾಗಿ, ಮತ್ತೆ ಕೆಳಗೆ ಬಂದು ಸೇರಿತು.

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.

“ಉಜ್ಜೋ ಸದ್ದು ಹೋಗಿದೆ,” ಎಂದ. “ಕೆಳಗಿನ ದನಿ ಗಟ್ಟಿಯಾಗಿದೆ, ಅದಕ್ಕೇನೂ ಆಗಲ್ಲ. ಮೇಲಿನದು ಇಲ್ಲ ಅಕ್ಕ. ಅದು ವಾಪಸ್ ಬರಲ್ಲ. ಕೂಗೋ ಕೆಲಸ ಬೇಡ. ಮಾವನ ಹಾಡೂ ಆಗಲ್ಲ.”

ಅಕ್ಕ ಗುಂಡಿಯೊಳಗೆ ನೋಡುತ್ತ ಕೂತಳು. ಅಲ್ಲಿ ತಳದಲ್ಲಿ ನಿಂತಿದ್ದ ಒಂದಿಷ್ಟು ನೀರಿನ ಮೇಲೆ ಎಣ್ಣೆಯ ಬಣ್ಣಗಳು ನಿಧಾನವಾಗಿ ತಿರುಗುತ್ತಿದ್ದವು.

“ಸರಿ,” ಎಂದಳು. “ಇಷ್ಟೇ ಅಲ್ವಾ. ಇಷ್ಟು ಹೇಳೋಕೆ ಎಷ್ಟು ಕಷ್ಟ ಪಟ್ಯೋ ಮಾರಾಯ.” ಕತ್ತಿನ ಬಟ್ಟೆಯನ್ನು ಬಿಚ್ಚಿ ಮಡಿಚಿ ಮಡಿಲಲ್ಲಿಟ್ಟುಕೊಂಡಳು. ಅತ್ತಳೋ ಇಲ್ಲವೋ ಅವನು ನೋಡಲು ಹೋಗಲಿಲ್ಲ. ಸೀಟಿಗೆ ಹತ್ತಿ ವ್ಯಾನು ಸ್ಟಾರ್ಟು ಮಾಡಿದ. ಈಗ ಎಲ್ಲ ಸಿಲಿಂಡರುಗಳೂ ಹೊಡೆಯುತ್ತಿದ್ದವು. ಇಳಿದು ಬಾನೆಟ್ಟು ಮುಚ್ಚುವಾಗ ಕೈ ತಡೆಯಿತು. ಗೋಡೆಯಿಂದ ಉದ್ದನೆಯ ಸ್ಕ್ರೂಡ್ರೈವರು ತೆಗೆದುಕೊಂಡು, ತುದಿಯನ್ನು ಕೆಳಗೆ ಊರಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿಕೊಂಡ.

“ಗೇರ್‌ಬಾಕ್ಸಲ್ಲೂ ಒಂದು ಸದ್ದಿದೆ,” ಎಂದ. “ಈಗ ಸಣ್ಣದು. ಬಿಟ್ರೆ ದಾರೀಲಿ ಕೂರಿಸಿಬಿಡುತ್ತೆ. ಭಾವನಿಗೆ ಹೇಳು.”

ಅಕ್ಕ ಎದ್ದು ಸೀರೆಗೆ ಹತ್ತಿದ ಧೂಳು ಕೊಡವಿಕೊಂಡಳು. “ನೀನೇ ಬಂದು ಹೇಳು. ನಂಗೆ ಜಾಸ್ತಿ ಮಾತಾಡ್ಬೇಡ ಅಂದಿದಾರೆ.”

“ಬಾಗಿಲು ತೆಗೀತಾರಾ?”

“ಕೀಲಿಕೈ ನನ್ನ ಹತ್ರಾನೂ ಇದೆ. ಹತ್ತು.”

ಅವನು ಕೈ ತೊಳೆದುಕೊಳ್ಳಲು ಹೋಗಿ, ಬೇಡವೆಂದು ಬಿಟ್ಟು, ಹಲಗೆಗಳನ್ನು ಗುಂಡಿಯ ಮೇಲೆ ಎಳೆದು ಮುಚ್ಚಿ, ಶೆಡ್ಡಿನ ಬಾಗಿಲು ಹಾಕಿ, ವ್ಯಾನಿನ ಇನ್ನೊಂದು ಬದಿಗೆ ಹತ್ತಿ ಕೂತ.